ಮಳೆಗಾಲದಲ್ಲಿ ಕಾರಿನ ಕಾರ್ಪೆಟ್ ಮೇಲೆ ಡೀಸೆಲ್ ಚೆಲ್ಲಿದರೆ

ಪ್ರಶ್ನೆ: ನಾನು ಕುಮಟಾದಲ್ಲಿ ಶಿಕ್ಷಕಿ. ತವರುಮನೆ ಘಟ್ಟದ ಮೇಲೆ, ಶಿರಸಿ ತಾಲೂಕಿನಲ್ಲಿ. ಮಳೆ ಗಾಳಿಗೆ ಅಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಜನರೇಟರಿಗೆಂದು 10 ಲೀಟರ್ ಕ್ಯಾನಿನಲ್ಲಿ ಡೀಸೆಲ್ ತುಂಬಿಸಿ, ಹಿಂದಿನ ಸೀಟಿನ ಕಾಲಡಿ ಇಟ್ಟುಕೊಂಡು ಹೊರಟಿದ್ದೆವು. ದೇವಿಮನೆ ಘಟ್ಟದ ತಿರುವಿನಲ್ಲಿ ಕ್ಯಾನ್ ಮಗುಚಿ, ನೋಡುವಷ್ಟರಲ್ಲಿ ಒಂದು ಲೀಟರಿನಷ್ಟು ಚೆಲ್ಲಿಹೋಗಿತ್ತು. ಅದೇ ದಿನ ಎರಡು ಬಕೆಟ್ ನೀರು, ಬಟ್ಟೆ ಸೋಪಿನ ಪುಡಿ ಹಾಕಿ ತೊಳೆದೆವು. ಆಮೇಲೆ ಕಾಫಿಪುಡಿ ಉದುರಿಸಿದೆ, ಕರ್ಪೂರ ಇಟ್ಟೆ, ಸೆಂಟಿನ ಡಬ್ಬಿ ತಂದಿಟ್ಟೆ. ಮೂರು ವಾರವಾಯಿತು. ವಾಸನೆ ಹೋಗುವುದಿರಲಿ, ಈಗ ಇನ್ನೊಂದು ಥರದ ಹಳಸಲು ವಾಸನೆಯೂ ಸೇರಿಕೊಂಡಿದೆ. ಮಗ ಕಾರು ಹತ್ತಿದರೆ ವಾಂತಿ ಮಾಡುತ್ತಾನೆ, ಅತ್ತೆ ಹತ್ತುವುದೇ ಇಲ್ಲ. ಪಕ್ಕದ ಮನೆಯವರು ಪೆಟ್ರೋಲ್ ಹಾಕಿ ಒರೆಸಿ ಎನ್ನುತ್ತಾರೆ. ಒಂದು ಗ್ಯಾರೇಜಿನಲ್ಲಿ ಪೂರ್ತಿ ಕಾರ್ಪೆಟ್ ಬದಲಿಸಬೇಕು ಎಂದರು, ಇನ್ನೊಂದು ಕಡೆ ಓಝೋನ್ ಅನಿಲ ಬಿಟ್ಟರೆ ಸಾಕು ಎಂದರು. ಬೆಂಕಿಯ ಭಯವೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ: ಬೆಂಕಿ, ಮಗನ ಆರೋಗ್ಯ, ಕಾರ್ಪೆಟ್ಟಿನ ಖರ್ಚು. ಮೊದಲು ಇವಕ್ಕೇ ಉತ್ತರ ಹೇಳಿಬಿಡುತ್ತೇನೆ. ಕಾರು ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಆದರೆ ಎಚ್ಚರ ಬೇಕು. ಕೆಲಸ ಮುಗಿಯುವವರೆಗೆ ಮಗನನ್ನು ಆ ಕಾರಿನಲ್ಲಿ ಕೂರಿಸಬೇಡಿ. ಪೂರ್ತಿ ಕಾರ್ಪೆಟ್ ಬದಲಿಸುವ ಅಗತ್ಯ ಬಹುಶಃ ಬರುವುದಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಕರಾವಳಿಯಲ್ಲೇ ಕಾರುಗಳ ಒಳಭಾಗ ಬಿಚ್ಚಿ, ತೊಳೆದು, ಒಣಗಿಸುತ್ತ ಬಂದಿದ್ದೇನೆ. ಡೀಸೆಲ್ ಚೆಲ್ಲಿದ ಕಾರುಗಳಲ್ಲಿ ಹೆಚ್ಚಿನವು ಹಳೇ ಕಾರ್ಪೆಟ್ಟಿನಲ್ಲೇ ಸರಿಯಾಗಿ ಹೋಗಿವೆ.

ಈಗ ನಿಮ್ಮ ಕಾರಿನಲ್ಲಿರುವುದು ಒಂದಲ್ಲ, ಎರಡು ವಾಸನೆ. ಒಂದು ಡೀಸೆಲ್ಲಿನದು. ಇನ್ನೊಂದು ಎರಡು ಬಕೆಟ್ ನೀರಿನದು. ಜೂನ್-ಜುಲೈಯಲ್ಲಿ ನಮ್ಮ ಕಡೆ ಟವೆಲ್ಲೇ ಎರಡು ದಿನ ಒಣಗುವುದಿಲ್ಲ, ಇನ್ನು ತಗಡು ಮತ್ತು ಕಾರ್ಪೆಟ್ಟಿನ ನಡುವೆ ಸಿಕ್ಕಿಕೊಂಡ ನೀರು ಹೇಗೆ ಒಣಗೀತು? ಒದ್ದೆಯಾಗಿ ಒಂದೆರಡು ದಿನ ಉಳಿದರೆ ಸಾಕು, ಬೂಷ್ಟು ಹಿಡಿಯಲು ಶುರುವಾಗುತ್ತದೆ. ಹಳಸಲು ವಾಸನೆ ಅದೇ. ನಿಮ್ಮದು ತಪ್ಪು ಎಂದು ಹೇಳುತ್ತಿಲ್ಲ. ಚೆಲ್ಲಿದ ಗಾಬರಿಯಲ್ಲಿ ಎಲ್ಲರ ಕೈಯೂ ಮೊದಲು ನೀರಿನ ಬಕೆಟ್ಟಿಗೇ ಹೋಗುತ್ತದೆ.

ಡೀಸೆಲ್ ಇಷ್ಟು ದಿನ ಯಾಕೆ ಉಳಿಯುತ್ತದೆ ಎನ್ನುವುದು ತಿಳಿದರೆ ಮುಂದಿನ ಕೆಲಸ ಸುಲಭ. ಪೆಟ್ರೋಲ್ ಬೇಗ ಹಾರಿಹೋಗುವ ವಸ್ತು, ಅದರ ಹಗುರ ಭಾಗ ನಮ್ಮ ಸಾಧಾರಣ ಹವೆಯಲ್ಲೇ ಆವಿಯಾಗುತ್ತದೆ. ಡೀಸೆಲ್ ಹಾಗಲ್ಲ. ಅದು ಸುಮಾರು 150ರಿಂದ 360 ಡಿಗ್ರಿ ಸೆಲ್ಸಿಯಸ್ ನಡುವೆ ಕುದಿಯುವ ಹತ್ತಾರು ಎಣ್ಣೆಗಳ ಮಿಶ್ರಣ. ಹಗುರವಾದದ್ದು ಮೊದಲ ವಾರ ಹಾರುತ್ತದೆ. ಭಾರದ್ದು ತಿಂಗಳುಗಟ್ಟಲೆ ಕೂತು, ದಿನಾ ಚೂರು ಚೂರೇ ವಾಸನೆ ಬಿಡುತ್ತಿರುತ್ತದೆ. ಎರಡು ಗಂಟೆ ಬಿಸಿಲು ಬಿದ್ದ ದಿನ ಬಾಗಿಲು ತೆಗೆದರೆ ಮುಖಕ್ಕೆ ರಪ್ಪೆಂದು ಹೊಡೆಯುತ್ತದಲ್ಲ, ಅದು ಹೊಸ ಸೋರಿಕೆಯಲ್ಲ, ಒಳಗಿದ್ದದ್ದೇ ಬಿಸಿಗೆ ಎದ್ದದ್ದು.

ಎಲ್ಲಿ ಕೂತಿದೆ? ನೀವು ಒರೆಸುತ್ತಿರುವ ಜಾಗದಲ್ಲಿ ಬಹಳ ಕಡಿಮೆ. ಕಾಲಿಗೆ ಸಿಗುವ ಕಾರ್ಪೆಟ್ ಬರೀ ಮೇಲಿನ ಪದರ, ಪಾಲಿಯೆಸ್ಟರ್ ಅಥವಾ ನೈಲಾನ್ ನೂಲಿನದು. ಅದರ ಬೆನ್ನಿಗೆ ಅಂಟಿನ ಪದರ. ಅದರಡಿ ಬೆರಳು ದಪ್ಪದ ಫೆಲ್ಟ್ ಅಥವಾ ಫೋಮ್. ಫೆಲ್ಟನ್ನು ಬಟ್ಟೆ ಚಿಂದಿ, ಹತ್ತಿ, ಸೆಣಬಿನ ನಾರು ಒತ್ತಿ ಮಾಡಿರುತ್ತಾರೆ, ನೋಡಲು ಹಳೇ ಹಾಸಿಗೆಯ ಹತ್ತಿಯಂತೆ ಬೂದು ಬಣ್ಣ. ಎಂಜಿನ್ನಿನ ಸದ್ದು ತಡೆಯಲು ಹಾಕಿದ್ದು ಅದು, ಆದರೆ ಎಣ್ಣೆ ಕುಡಿಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಇಂಥ ಫೆಲ್ಟಿನ ಅಂಗೈ ಅಗಲದ ತುಂಡನ್ನು ಕತ್ತರಿಸಿ ಹಿಂಡಿದಾಗ ಚಹಾ ಲೋಟದ ಕಾಲು ಭಾಗ ಡೀಸೆಲ್ ಇಳಿದದ್ದನ್ನು ನೋಡಿದ್ದೇನೆ. ಅದರ ಮೇಲಿನ ಕಾರ್ಪೆಟ್ ಮುಟ್ಟಿದರೆ ಕೈಗೆ ಜಿಡ್ಡೂ ಅಂಟುತ್ತಿರಲಿಲ್ಲ!

ಇನ್ನೊಂದು ಮಾತು. ನೀವು ಘಟ್ಟ ಹತ್ತುತ್ತಿದ್ದಿರಿ. ಕಾರಿನ ಮೂತಿ ಮೇಲಿತ್ತು, ಹಾಗಾಗಿ ಡೀಸೆಲ್ ಹಿಂದಕ್ಕೆ, ಹಿಂದಿನ ಸೀಟಿನ ಬುಡಕ್ಕೆ ಹರಿದಿರುತ್ತದೆ. ತಿರುವಿನಲ್ಲಿ ಒಂದು ಪಕ್ಕಕ್ಕೂ ನುಗ್ಗಿರುತ್ತದೆ. ಕಲೆ ಕಾಣುವ ಜಾಗದಿಂದ ಒಂದು ಗೇಣು ಹಿಂದೆ, ಸೀಟಿನ ಕೆಳಗೆ ಕಾರ್ಪೆಟ್ ಮೇಲಕ್ಕೆ ತಿರುಗುವ ಮೂಲೆಯಿದೆಯಲ್ಲ, ಅಲ್ಲಿ ಹುಡುಕಿ. ಬಿಳಿ ಟಿಶ್ಯೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಲ್ಲಿಟ್ಟು, ಹಿಮ್ಮಡಿಯಿಂದ ಒಂದು ನಿಮಿಷ ಒತ್ತಿ ನಿಲ್ಲಿ. ಕಾಗದ ಒದ್ದೆಯಾದರೆ ಫ್ಯಾನಿನಡಿ ಇಟ್ಟು ನೋಡಿ. ನೀರಿನ ಕಲೆ ಒಣಗಿ ಮಾಯವಾಗುತ್ತದೆ. ಎಣ್ಣೆಯ ಕಲೆ ಹಪ್ಪಳದ ಡಬ್ಬಿಯಲ್ಲಿಟ್ಟ ಕಾಗದದ ಹಾಗೆ ಪಾರದರ್ಶಕವಾಗಿ ಉಳಿಯುತ್ತದೆ. ಹೀಗೆ ನಾಲ್ಕಾರು ಕಡೆ ಒತ್ತಿದರೆ ಡೀಸೆಲ್ ಎಲ್ಲಿಯವರೆಗೆ ಹೋಗಿದೆ ಎನ್ನುವ ನಕ್ಷೆ ನಿಮಗೇ ಸಿಗುತ್ತದೆ.

ಇನ್ನು ಜನ ಹೇಳಿದ ಉಪಾಯಗಳು. ಕಾಫಿಪುಡಿ, ಕರ್ಪೂರ, ಸೆಂಟು ಇವು ಮೂಗಿಗೆ ಮರೆ ಮಾಡುತ್ತವೆ, ಡೀಸೆಲನ್ನು ಮುಟ್ಟುವುದಿಲ್ಲ. ಒದ್ದೆ ಕಾರ್ಪೆಟ್ಟಿಗೆ ಬಿದ್ದ ಕಾಫಿಪುಡಿ ಕಲೆ ಬಿಡುತ್ತದೆ, ಅದನ್ನು ಬ್ರಷ್ಷಿನಿಂದ ಇವತ್ತೇ ತೆಗೆಯಿರಿ. ಸೆಂಟು ಮತ್ತು ಡೀಸೆಲ್ ಸೇರಿದರೆ ಹೊಟ್ಟೆ ತೊಳಸುವುದು ಇನ್ನೂ ಜಾಸ್ತಿ, ನಿಮ್ಮ ಮಗನಿಗೆ ಆಗುತ್ತಿರುವುದರಲ್ಲಿ ಅದರ ಪಾಲೂ ಇರಬಹುದು. ಡಬ್ಬಿ ಹೊರಗಿಡಿ. ಕರ್ಪೂರ, ಊದುಬತ್ತಿ ಹಚ್ಚುವ ಯೋಚನೆಯನ್ನಂತೂ ಯಾರೂ ಮಾಡಬಾರದು.

ಪೆಟ್ರೋಲ್ ಹಾಕಿ ಒರೆಸುವುದು, ಥಿನ್ನರ್ ಹಾಕುವುದು ಬೇಡವೇ ಬೇಡ. ಪೆಟ್ರೋಲ್ ಡೀಸೆಲನ್ನು ಕರಗಿಸುವುದು ನಿಜ, ಅದಕ್ಕೇ ಈ ಮಾತು ಹುಟ್ಟಿದೆ. ಆದರೆ ಕರಗಿಸಿ ಇನ್ನೂ ಆಳಕ್ಕೆ ಇಳಿಸುತ್ತದೆ, ಕಾರ್ಪೆಟ್ಟಿನ ಬೆನ್ನಿನ ಅಂಟನ್ನೂ ಬಿಡಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದರ ಆವಿ ಗಾಳಿಗಿಂತ ಭಾರ, ಕಾರಿನ ತಳದಲ್ಲಿ ಬಾವಿಯ ನೀರಿನಂತೆ ನಿಲ್ಲುತ್ತದೆ. ಒಂದು ಸ್ವಿಚ್ಚಿನ ಕಿಡಿ ಸಾಕು.

ಬೆಂಕಿಯ ಮಾತು ಬಂತು, ಹೇಳಿಬಿಡುತ್ತೇನೆ. ಕಿಡಿ ತಾಗಿಸಿದರೆ ಆವಿ ಹೊತ್ತಿಕೊಳ್ಳುವಷ್ಟು ಏಳುವ ತಾಪಕ್ಕೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ನಮ್ಮ ದೇಶದ ಮಾನದಂಡದಲ್ಲಿ ಡೀಸೆಲ್ಲಿಗೆ ಕನಿಷ್ಠ 35 ಡಿಗ್ರಿ. ಮಳೆಗಾಲದ ಹವೆಯಲ್ಲಿ ಭಯ ಕಡಿಮೆ ಎನ್ನುವುದು ಇದರಿಂದಲೇ. ಆದರೆ ಬಾಗಿಲು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುವುದು ಕಷ್ಟವಲ್ಲ, ಎಣ್ಣೆ ಕುಡಿದ ಫೆಲ್ಟ್ ದೀಪದ ಬತ್ತಿಯಂತೆ ಕೆಲಸ ಮಾಡುತ್ತದೆ. ಬೀಡಿ ಸಿಗರೇಟು, ಬೆಂಕಿಕಡ್ಡಿ ಹತ್ತಿರ ತರಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಡೀಸೆಲ್ ಎಳೆಯಲು ಹೋಗಬೇಡಿ, ಅದರ ಮೋಟಾರಿನಲ್ಲಿ ಕಿಡಿ ಇರುತ್ತದೆ.

ಈಗ ಕೆಲಸ. ಎರಡು ದಿನ ಬಿಡುವಿರಲಿ, ಮಳೆ ತಾಗದ ಆದರೆ ಗಾಳಿಯಾಡುವ ಜಾಗವಿರಲಿ. ಕೈಗೆ ರಬ್ಬರ್ ಗ್ಲೌಸ್ ಹಾಕಿ, ಡೀಸೆಲ್ ಚರ್ಮ ಒಡೆಸುತ್ತದೆ.

ಮೊದಲು ಸೀಟು. ಹಿಂದಿನ ಸೀಟಿನ ಕೂರುವ ಭಾಗ ಹೆಚ್ಚಿನ ಕಾರುಗಳಲ್ಲಿ ಎರಡು ಕ್ಲಿಪ್ಪಿನ ಮೇಲೆ ನಿಂತಿರುತ್ತದೆ, ಮುಂದಿನ ಅಂಚು ಹಿಡಿದು ಮೇಲಕ್ಕೆ ಎಳೆದರೆ ಬರುತ್ತದೆ. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯೂ ಹಾಗೇ. ಮುಂದಿನ ಸೀಟು ಬಿಚ್ಚಬೇಕಾದರೆ ಮಾತ್ರ ಮೆಕ್ಯಾನಿಕ್ ಜೊತೆಗಿರಲಿ. ಅದರಡಿ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗಿನ ಅಥವಾ ಸೀಟ್‌ಬೆಲ್ಟಿನ ವೈರ್. ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ, ಹತ್ತು ನಿಮಿಷ ಕಾದ ಮೇಲೇ ಅದನ್ನು ಮುಟ್ಟಬೇಕು. ಈ ಒಂದು ಕಾರಣಕ್ಕೆ ಮನೆಯಲ್ಲಿ ಪೂರ್ತಿ ಕಾರ್ಪೆಟ್ ಹೊರಗೆ ತೆಗೆಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಿಂಭಾಗ ಎತ್ತಿ, ಮರದ ತುಂಡು ಕೊಟ್ಟು ನಿಲ್ಲಿಸಿದರೆ ನಿಮ್ಮ ಕೆಲಸಕ್ಕೆ ಸಾಕು.

ಎತ್ತಿದ ಮೇಲೆ ಹಳೇ ಬನಿಯನ್ ಬಟ್ಟೆ, ನ್ಯೂಸ್‌ಪೇಪರ್ ಇಟ್ಟು ಒತ್ತಿ. ಉಜ್ಜಬೇಡಿ, ಉಜ್ಜಿದರೆ ಹರಡುತ್ತದೆ. ಎರಡು ಕಡೆಯಿಂದಲೂ ಒತ್ತಿ. ಕಾಗದ ಒಣಗಿಯೇ ಬರುವವರೆಗೆ ಬದಲಿಸುತ್ತಿರಿ, ಇದು ಬೇಸರದ ಕೆಲಸ, ಆದರೆ ಅರ್ಧ ಡೀಸೆಲ್ ಹೋಗುವುದು ಇಲ್ಲೇ. ಆಮೇಲೆ ಸಾಮಿಲ್ಲಿನ ಒಣ ಮರದ ಪುಡಿಗೆ ಒಂದು ಮುಷ್ಟಿ ಅಡಿಗೆ ಸೋಡಾ ಸೇರಿಸಿ ಅರ್ಧ ಇಂಚು ದಪ್ಪ ಹರಡಿ, ರಾತ್ರಿಯಿಡೀ ಬಿಡಿ. ಎಣ್ಣೆ ಹೀರುವುದು ಮರದ ಪುಡಿ, ಸೋಡಾ ಹಳಸಲು ವಾಸನೆಗೆ ಸಹಾಯ. ಬೆಳಿಗ್ಗೆ ಬ್ರಷ್ಷಿನಿಂದ ಗುಡಿಸಿ ತೆಗೆಯಿರಿ. ಆ ಪುಡಿಯನ್ನು, ಕಾಗದವನ್ನು ಬಚ್ಚಲ ಒಲೆಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಹಾಕಬೇಡಿ, ಒಮ್ಮೆಲೇ ಭಗ್ಗೆಂದು ಎದ್ದರೆ ಮುಖ ಸುಡುತ್ತದೆ. ಬಾವಿ, ಹಳ್ಳದ ಹತ್ತಿರವೂ ಚೆಲ್ಲಬೇಡಿ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿ ಹೊರಗಿಟ್ಟು, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಫೆಲ್ಟ್ ನೋಡಿ. ಎಣ್ಣೆ ಕುಡಿದು ಕಪ್ಪಾದ ಭಾಗವಿದ್ದರೆ ಅದನ್ನು ತೊಳೆಯುವ ಆಸೆ ಬಿಡಿ. ಬ್ಲೇಡಿನಿಂದ ಕತ್ತರಿಸಿ ತೆಗೆದು, ಸೀಟ್ ಕವರ್ ಹೊಲಿಯುವವರ ಅಂಗಡಿಯಲ್ಲಿ ಸಿಗುವ ಅಷ್ಟೇ ದಪ್ಪದ ಹೊಸ ಫೆಲ್ಟ್ ತುಂಡು ಕೂರಿಸಿ. ನನ್ನ ಅನುಭವದಲ್ಲಿ ವಾಸನೆಯ ಮುಕ್ಕಾಲು ಪಾಲು ಈ ಒಂದು ತುಂಡಿನ ಜೊತೆ ಹೊರಗೆ ಹೋಗುತ್ತದೆ. ಪೂರ್ತಿ ಕಾರ್ಪೆಟ್ ಬದಲಿಸಿ ಎಂದವರು ಸುಳ್ಳು ಹೇಳಿದ್ದಲ್ಲ, ಅವರಿಗೆ ಅದು ಸುಲಭ, ನಿಮಗೆ ದುಬಾರಿ ಅಷ್ಟೇ.

ಫೆಲ್ಟಿನಡಿ ತಗಡಿನ ಮೇಲೆ ಕಪ್ಪು ಹಾಳೆ ಅಂಟಿಸಿರುವುದು ಕಾಣುತ್ತದೆ. ಅದು ಡಾಂಬರಿನದು. ಡೀಸೆಲ್ ಡಾಂಬರನ್ನು ಕರಗಿಸುತ್ತದೆ, ರಸ್ತೆ ಕೆಲಸದವರು ಸಲಿಕೆಗೆ ಅಂಟಿದ ಟಾರನ್ನು ಡೀಸೆಲ್ಲಿನಲ್ಲಿ ತೊಳೆಯುವುದನ್ನು ನೀವೂ ನೋಡಿರಬಹುದು. ಹಾಳೆ ಬೆರಳಿಗೆ ಅಂಟುವಷ್ಟು ಮೆತ್ತಗಾಗಿದ್ದರೆ ಉಜ್ಜಬೇಡಿ. ಒಣ ಬಟ್ಟೆಯಿಂದ ಒತ್ತಿ, ಗಾಳಿಗೆ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಪೂರ್ತಿ ಕೆಸರಿನಂತಾಗಿದ್ದರೆ ಅಷ್ಟು ಭಾಗ ಕೆತ್ತಿ ತೆಗೆಯಬೇಕು. ಬರಿದಾದ ತಗಡಿಗೆ ತುಕ್ಕು ತಡೆಯುವ ಪೇಂಟ್ ಹಚ್ಚದೆ ಮುಚ್ಚಬೇಡಿ, ಉಪ್ಪುಗಾಳಿಯ ಊರು ನಮ್ಮದು.

ನೀರು ಬರುವುದು ಈಗ, ಅದೂ ಸ್ವಲ್ಪವೇ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಕದಡಿ ನೊರೆ ಎಬ್ಬಿಸಿ, ನೊರೆಯನ್ನು ಮಾತ್ರ ಮೆತ್ತನೆ ಬ್ರಷ್ಷಿನಿಂದ ಕಾರ್ಪೆಟ್ಟಿಗೆ ಹಚ್ಚಿ, ಐದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಹೀರಿಸಿ. ಸೋಪು ಎಣ್ಣೆಯನ್ನು ಹಿಡಿದು ನೀರಿನಲ್ಲಿ ತೇಲಿಸುತ್ತದೆ, ಆ ನೀರನ್ನು ಮೇಲೆತ್ತದಿದ್ದರೆ ಎಣ್ಣೆ ಮತ್ತೆ ಅಲ್ಲೇ ಕೂರುತ್ತದೆ. ಮೂರು ನಾಲ್ಕು ಸಲ ಮಾಡಬೇಕಾಗುತ್ತದೆ. ಕೊನೆಗೆ ಬರೀ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಸೋಪು ತೆಗೆಯಿರಿ. ನೀವು ಮೊದಲು ಹಾಕಿದ ಸೋಪಿನ ಪುಡಿ ಇನ್ನೂ ಒಳಗಿದೆ, ನೊರೆ ಬರುತ್ತಲೇ ಇರುತ್ತದೆ, ಗಾಬರಿಯಾಗಬೇಡಿ.

ಒಣಗಿಸುವುದೇ ನಿಜವಾದ ಕೆಲಸ. ಬಯಲುಸೀಮೆಯಲ್ಲಾದರೆ ನಾಲ್ಕು ಬಾಗಿಲು ತೆಗೆದು ಬಿಸಿಲಿಗೆ ನಿಲ್ಲಿಸಿ ಎಂದು ಮಾತು ಮುಗಿಸಬಹುದಿತ್ತು. ಆಷಾಢದಲ್ಲಿ ಕುಮಟಾದಲ್ಲಿ ಬಾಗಿಲು ತೆಗೆದಿಟ್ಟರೆ ಹೊರಗಿನ ತೇವವೇ ಒಳಗೆ ಬರುತ್ತದೆ. ಎತ್ತಿ ನಿಲ್ಲಿಸಿದ ಕಾರ್ಪೆಟ್ಟಿನ ಅಡಿಗೆ ಟೇಬಲ್ ಫ್ಯಾನ್ ಗಾಳಿ ಹಾಯುವಂತೆ ಇಡಿ, ಮೇಲಿನಿಂದ ಅಲ್ಲ. ದಿನಕ್ಕೆ ಎರಡು ಸಲ ಅರ್ಧ ಗಂಟೆ ಎಂಜಿನ್ ಚಾಲೂ ಮಾಡಿ, ಎ.ಸಿ. ಹಾಕಿ, ಬಿಸಿಯ ಗುಂಡಿಯನ್ನೂ ತಿರುಗಿಸಿ ಗಾಳಿಯನ್ನು ಕಾಲಿನ ಕಡೆಗೆ ಬಿಡಿ. ಎ.ಸಿ. ಗಾಳಿಯ ನೀರು ಹಿಂಡುತ್ತದೆ, ಬಿಸಿ ಕಾರ್ಪೆಟ್ಟಿನ ನೀರು ಎಬ್ಬಿಸುತ್ತದೆ. ಕಾರು ಬಯಲಿನಲ್ಲೇ ಇರಲಿ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯ ವಿಷಾನಿಲ ಪ್ರಾಣ ತೆಗೆಯುತ್ತದೆ. ಒಳಗೆ ಯಾರೂ ಕೂರುವುದೂ ಬೇಡ.

ತವರಿಗೆ ಒಯ್ದು ಅಡಿಕೆ ಒಣಗಿಸುವ ಅಟ್ಟದ ಮೇಲೆ ಹಾಕೋಣ ಎಂದು ಯಾರಾದರೂ ಹೇಳುತ್ತಾರೆ. ಶಿರಸಿ, ಸಿದ್ದಾಪುರದ ಕಡೆಯ ಗಿರಾಕಿಗಳು ನನಗೂ ಕೇಳಿದ್ದಾರೆ. ಎಣ್ಣೆಯ ಫೆಲ್ಟನ್ನು ಕೆಳಗೆ ಬೆಂಕಿ ಇರುವ ಅಟ್ಟಕ್ಕೆ ಹಾಕುವುದು ಮನೆಗೇ ಅಪಾಯ. ಹಾಗೇನೂ ಆಗದಿದ್ದರೂ ಹೊಗೆ ವಾಸನೆ ಸೇರಿ, ಮೂರನೆಯದೊಂದು ತಲೆನೋವು ಹುಟ್ಟುತ್ತದೆ.

ನೆಲದ ತಗಡಿನಲ್ಲಿ ರಬ್ಬರ್ ಬಿರಡೆಗಳಿರುತ್ತವೆ. ನಿಮ್ಮ ಎರಡು ಬಕೆಟ್ ನೀರು ತಳದಲ್ಲಿ ನಿಂತಿದ್ದರೆ ಕೆಳಗಿನಿಂದ ಅದನ್ನು ತೆಗೆದು ಬಸಿದು, ಒಣಗಿದ ಮೇಲೆ ಮರೆಯದೆ ಹಾಕಿ. ಗೋಕರ್ಣ, ಕಾರವಾರದ ಬೀಚಿಗೆ ಹೋಗಿ ಬಂದ ಮರಳು ಕಾರ್ಪೆಟ್ಟಿನಲ್ಲಿದ್ದರೆ ಅದನ್ನೂ ತೆಗೆಯಿರಿ. ಅದರಲ್ಲಿರುವ ಉಪ್ಪು ಗಾಳಿಯ ತೇವ ಎಳೆದುಕೊಂಡು, ಒಣಗಿದ ಕಾರ್ಪೆಟ್ಟನ್ನು ಮತ್ತೆ ಒದ್ದೆ ಮಾಡುತ್ತದೆ.

ಒಣಗಿದ ಮೇಲೂ ಉಳಿಯುವ ಕೊನೆಯ ಎಳೆ ವಾಸನೆಗೆ ತೆಂಗಿನ ಗರಟೆಯಿಂದ ಮಾಡಿದ ಆಕ್ಟಿವೇಟೆಡ್ ಕಾರ್ಬನ್ ಒಳ್ಳೆಯದು, ಮೀನು ಸಾಕುವ ತೊಟ್ಟಿ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಸೀಟಿನಡಿ ಎರಡು ವಾರ ಇಡಿ. ಒಲೆಯ ಇದ್ದಿಲಿಗೆ ಅಷ್ಟು ಶಕ್ತಿ ಇಲ್ಲ. ಓಝೋನ್ ಬಗ್ಗೆ ಕೇಳಿದ್ದೀರಿ. ಅದು ಗಾಳಿಯ, ಬಟ್ಟೆಯ ಮೇಲ್ಮೈಯ ವಾಸನೆ ಕೊಲ್ಲುತ್ತದೆ, ಬೆರಳು ದಪ್ಪದ ಫೆಲ್ಟಿನ ಹೊಟ್ಟೆಗೆ ಇಳಿಯುವುದಿಲ್ಲ. ಡೀಸೆಲ್ ಒಳಗಿಟ್ಟು ಓಝೋನ್ ಬಿಟ್ಟರೆ ನಾಲ್ಕು ದಿನ ಚೆನ್ನಾಗಿರುತ್ತದೆ, ಐದನೆಯ ದಿನ ಮೊದಲಿನಂತೆ. ಎಲ್ಲ ಮುಗಿದ ಮೇಲೆ ಬೂಷ್ಟಿನ ವಾಸನೆಗೆ ಒಮ್ಮೆ ಮಾಡಿಸಬಹುದು. ಆಗ ಒಳಗೆ ಯಾರೂ ಇರಬಾರದು, ಆಮೇಲೆ ಬಾಗಿಲು ತೆಗೆದು ಚೆನ್ನಾಗಿ ಗಾಳಿಯಾಡಿಸಬೇಕು. ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಪದೇ ಪದೇ ಮಾಡಿದರೆ ರಬ್ಬರನ್ನೂ ಬಿರಿಸುತ್ತದೆ.

ಇದನ್ನು ಓದುವ ಬೇರೆಯವರಿಗೂ ಒಂದೆರಡು ಮಾತು ಹೇಳಲೇಬೇಕು, ಏಕೆಂದರೆ ಕಾರ್ಪೆಟ್ ಒದ್ದೆಯಾಗಿದ್ದೆಲ್ಲ ಚೆಲ್ಲಿದ್ದೇ ಅಲ್ಲ. ಡ್ರೈವರನ ಕಾಲಡಿ, ಕ್ಲಚ್ ಅಥವಾ ಬ್ರೇಕ್ ಪೆಡಲಿನ ಹಿಂದೆ ಜೇನುಬಣ್ಣದ ಜಿಡ್ಡು ಕಂಡರೆ ಅದು ಮಾಸ್ಟರ್ ಸಿಲಿಂಡರ್ ಸೋರಿ ಬಂದ ಬ್ರೇಕ್ ಆಯಿಲ್ ಇರಬಹುದು. ಒಬ್ಬ ಗಿರಾಕಿ ಮೂರು ಸಲ ಕಾರ್ಪೆಟ್ ತೊಳೆಸಿಕೊಂಡು, ನಾಲ್ಕನೇ ಸಲ ನನ್ನ ಹತ್ತಿರ ಬಂದಾಗ ಬಾನೆಟ್ ತೆಗೆದು ನೋಡಿದರೆ ಆಯಿಲಿನ ಡಬ್ಬಿ ಹೆಚ್ಚುಕಡಿಮೆ ಖಾಲಿ. ಆ ಕಾರು ದಿನಾ ಅರಬೈಲ್ ಘಟ್ಟ ಇಳಿಯುತ್ತಿತ್ತು. ಇವತ್ತಿಗೂ ನೆನೆದರೆ ನನಗೆ ಎದೆ ಝಲ್ಲೆನ್ನುತ್ತದೆ. ಅಂಥ ಒದ್ದೆ ಕಂಡರೆ ಕಾರು ಅಲ್ಲೇ ನಿಲ್ಲಿಸಿ, ಮೊದಲು ಮೆಕ್ಯಾನಿಕ್, ಆಮೇಲೆ ಕಾರ್ಪೆಟ್. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ, ತೊಳೆಯುವುದು ಸುಲಭ, ಆದರೆ ಪೇಂಟಿಗೆ ತಾಗದಂತೆ ನೋಡಿ.

ಪಕ್ಕದ ಸೀಟಿನ ಕಾಲಡಿ ಬರೀ ನೀರಿದ್ದರೆ ಎ.ಸಿ.ಯ ಡ್ರೈನ್ ಪೈಪ್ ಕಟ್ಟಿರಬಹುದು. ಅಂಟಂಟಾಗಿ ಸಿಹಿ ವಾಸನೆ ಬಂದು, ಗಾಜಿನ ಒಳಗೆ ಮಂಜು ಕಟ್ಟುತ್ತಿದ್ದರೆ ಹೀಟರಿನಿಂದ ಕೂಲಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ಸೋರುತ್ತಿರಬಹುದು. ಕೂಲಂಟ್ ನೀರಿನಲ್ಲಿ ತೊಳೆದರೆ ಹೋಗುತ್ತದೆ, ಆದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಯೆಂದು ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ, ತೊಳೆದ ನೀರು ಅಂಗಳದಲ್ಲಿ ನಿಲ್ಲದಿರಲಿ. ಇನ್ವರ್ಟರ್ ಬ್ಯಾಟರಿ ಒಯ್ಯುವಾಗ ಆಸಿಡ್ ಚೆಲ್ಲಿದರೆ ಅಡಿಗೆ ಸೋಡಾ ಹಾಕಿ, ನೊರೆ ನಿಂತ ಮೇಲೆ ನೀರು. ಬ್ಲೀಚಿಂಗ್ ಪುಡಿ ಮಾತ್ರ ಹಾಕಬಾರದು, ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಡಿಕೆಯ ಕೊಳೆ ರೋಗದ ಔಷಧಿಗೆ ಒಯ್ಯುವ ಮೈಲುತುತ್ತದ ನೀರು ಸೋರಿದರೆ ನೀಲಿ ಕಲೆಗಿಂತ ತಗಡಿನ ಚಿಂತೆ ಮಾಡಿ, ಅದು ಕಬ್ಬಿಣವನ್ನು ತಿನ್ನುತ್ತದೆ. ಬಂಗಡೆ ಚೀಲ ಸೋರಿದ ನೀರಿಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒರೆಸಿದರೆ ವಾಸನೆ ಬೇಗ ಇಳಿಯುತ್ತದೆ, ಮೀನಿನ ವಾಸನೆಗೆ ಹುಳಿಯೇ ಮದ್ದು. ಮುರುಗಲು, ಹುಣಸೆ ಬೇಡ, ಕಲೆ ಬೀಳುತ್ತದೆ.

ನಿಮ್ಮ ಮಗನ ವಿಷಯ. ಡೀಸೆಲ್ ಆವಿಗೆ ತಲೆನೋವು, ಹೊಟ್ಟೆ ತೊಳಸುವುದು ಸಹಜ, ಘಟ್ಟದ ತಿರುವೂ ಸೇರಿದರೆ ಕೇಳುವುದೇ ಬೇಡ. ಹೊರಗಿನ ಗಾಳಿಗೆ ಬಂದ ಮೇಲೂ ತಲೆನೋವು, ಕೆಮ್ಮು ಉಳಿದರೆ ವೈದ್ಯರಿಗೆ ತೋರಿಸಿ, ಡೀಸೆಲ್ ವಿಷಯ ಹೇಳಿ. ಈ ನಡುವೆ ನೀವು ಕಾರು ಓಡಿಸಲೇಬೇಕಾದರೆ ಗಾಜು ಇಳಿಸಿ, ಎ.ಸಿ.ಯನ್ನು ಹೊರಗಿನ ಗಾಳಿಯ ಗುರುತಿಗೆ ಹಾಕಿ. ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿದರೆ ಅದೇ ಆವಿಯನ್ನು ಮತ್ತೆ ಮತ್ತೆ ಉಸಿರಾಡುತ್ತೀರಿ.

ಮುಗಿಯಿತೋ ಇಲ್ಲವೋ ಎಂದು ನಿಮ್ಮ ಮೂಗು ಹೇಳಲಾರದು. ಎರಡು ದಿನ ಡೀಸೆಲ್ ಜೊತೆ ಕೂತ ಮೂಗು ಅದನ್ನು ಮರೆತಿರುತ್ತದೆ. ಬಿಸಿಲು ಕಂಡ ಒಂದು ಮಧ್ಯಾಹ್ನ ಗಾಜು ಪೂರ್ತಿ ಏರಿಸಿ ಕಾರನ್ನು ಒಂದು ಗಂಟೆ ನಿಲ್ಲಿಸಿ. ಆಮೇಲೆ ಮೂರು ವಾರದಿಂದ ಆ ಕಾರು ಹತ್ತದ ನಿಮ್ಮ ಅತ್ತೆಯವರನ್ನು ಕರೆದು ಹಿಂದಿನ ಬಾಗಿಲು ತೆಗೆಯಲು ಹೇಳಿ. ಅವರು ಏನೂ ಇಲ್ಲ ಎಂದರೆ ಮಗನನ್ನು ಕೂರಿಸಿ. ಮುಖ ಕಿವಿಚಿದರೆ ಎಣ್ಣೆ ಕುಡಿದ ಫೆಲ್ಟ್ ಇನ್ನೂ ಎಲ್ಲೋ ಉಳಿದಿದೆ, ಹೊಸ್ತಿಲ ಪಟ್ಟಿ ಮತ್ತೆ ಬಿಚ್ಚಿ, ಟಿಶ್ಯೂ ಕಾಗದ ಹಿಡಿದು ಸೀಟಿನ ಬುಡದಿಂದ ಇನ್ನೊಂದು ಗೇಣು ಹಿಂದಕ್ಕೆ ಹುಡುಕಿ.